ಎರಡನೇ ಸಲ ಕೇಳದ ಊರು

ಮುಳಬಾಗಿಲು
12 ನವೆಂಬರ್ 2023

ಮೇಜರ್ ತನ್ವೀರ್ ಅವರಿಗೆ,

ಕವರಿನ ಮೇಲೆ ಪರಿಚಯವಿಲ್ಲದ ಅಕ್ಷರ ನೋಡಿ ಗಾಬರಿಯಾಗಬೇಡಿ. ಮನೆಯಲ್ಲಿ ಎಲ್ಲರೂ ಕ್ಷೇಮ. ಹೇಳಿ ಬರೆಸುತ್ತಿರುವವರು ನಿಮ್ಮ ತಾಯಿ ರಹಮತುನ್ನೀಸಾ ಖಾಲಾ, ಬರೆಯುತ್ತಿರುವುದು ಪಕ್ಕದ ಮನೆಯ ಅರ್ಷಿಯಾ. ಖಾಲಾಗೆ ಎಡಗಣ್ಣಿನ ಪೊರೆ ತೆಗೆಸಿ ಪಟ್ಟಿ ಕಟ್ಟಿದ್ದಾರೆ. ನಿಮ್ಮ ಅಕ್ಕ ಮಹೆಕ್‌ಗೆ ಹೊಲಿಗೆ ಮೆಷಿನ್ ಬಿಟ್ಟು ಪೆನ್ನು ಹಿಡಿ ಎಂದರೆ ಜ್ವರ ಬರುತ್ತದೆ. ನಿಮ್ಮ ಬಿಡಾರದಲ್ಲಿ ಫೋನ್ ಸಿಗುವುದಿಲ್ಲ, ಕಾಗದವಾದರೆ ಹೆಲಿಕಾಪ್ಟರಿನಲ್ಲಿ ಬರುತ್ತದೆ ಎಂದು ನೀವೇ ಹೇಳಿದ್ದಿರಂತೆ. "ನೀನು ಕೋಲಾರದ ಕಾಲೇಜಲ್ಲಿ ಕನ್ನಡ ಪಾಠ ಹೇಳ್ತೀಯಲ್ಲ, ಬಾ ಕೂತ್ಕೋ" ಎಂದು ನನ್ನನ್ನು ಹಿಡಿದು ಕೂರಿಸಿದ್ದಾರೆ.

ಖಾಲಾ ಹೇಳುವುದು ಮನೆಯ ಮಾತಿನಲ್ಲಿ, ನಾನು ಬರೆಯುವುದು ಕನ್ನಡದಲ್ಲಿ. ಉರ್ದು ಬರೆಯಲು ನಿಮಗೂ ಬಾರದು, ನನಗೂ ಬಾರದು. ಆದ್ದರಿಂದ ಇಲ್ಲಿ ಅಳು ಕಡಿಮೆ ಕಂಡರೆ ಅದು ನನ್ನ ತಪ್ಪು. ಅವರು ಸಾಕಷ್ಟು ಅಳುತ್ತಿದ್ದಾರೆ. "ತಿಂತಿದ್ದಾನಾ ಕೇಳು. ಮೈ ಕಡೆ ನೋಡ್ಕೋತಾನಾ ಕೇಳು. ಅಲ್ಲಿ ಜನ ಒಳ್ಳೆಯವರಾ ಕೇಳು. ಬಂದೂಕು ಹಿಡ್ಕೊಂಡು ಶಾಂತಿ ಮಾಡ್ಸೋಕೆ ಹೋಗಿದ್ದಾನಲ್ಲ, ಅದು ಹೆಂಗೆ ಅಂತ ಕೇಳು." ಕೊನೆಯ ಪ್ರಶ್ನೆ ನನ್ನದೂ ಹೌದು.

ಇಂದು ದೀಪಾವಳಿ. ಬೀದಿಯಲ್ಲಿ ಪಟಾಕಿ ಹೊಗೆ ಎಷ್ಟಿದೆಯೆಂದರೆ ಬೆಟ್ಟ ಕಾಣುತ್ತಿಲ್ಲ. ಖಾಲಾ ಒಂದೇ ಕಣ್ಣಿನಲ್ಲಿ ಅದನ್ನು ನೋಡುತ್ತಾ, ಊರು ಮೋಡದ ಮೇಲೆ ಹೋಗುತ್ತಿದೆ ಅನ್ನುತ್ತಿದ್ದಾರೆ.

ಇಂತಿ,
ಅರ್ಷಿಯಾ


ದಕ್ಷಿಣ ಸುಡಾನ್
3 ಡಿಸೆಂಬರ್ 2023

ಅರ್ಷಿಯಾ ಅವರಿಗೆ,

ಏಳನೇ ಕ್ಲಾಸಿನ ತನಕ ನಿಮ್ಮ ನೋಟ್ಸ್ ನೋಡಿಕೊಂಡು ಬರೆದವನಿಗೆ ನಿಮ್ಮ ಅಕ್ಷರ ಪರಿಚಯವಿಲ್ಲದ್ದು ಎಂದು ಬರೆದಿದ್ದೀರಿ. ಕವರು ಒಡೆಯುವ ಮೊದಲೇ ಗೊತ್ತಾಯಿತು. ಅದನ್ನು ಒಡೆಯದೆ ಬಹಳ ಹೊತ್ತು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಅಮ್ಮಿ ನಿಮ್ಮ ಮನೆಗೆ ನಿಮ್ಮನ್ನು ಕೇಳಲು ಬಂದು, ನಿಮ್ಮ ಅಬ್ಬಾ ಇಸ್ಮಾಯಿಲ್ ಸಾಹೇಬರು "ಈಗ ಬೇಡ" ಅಂದ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು "ನೀವು" ಆಗಿಬಿಟ್ಟೆವು. ಒಂಬತ್ತು ವರ್ಷವಾಗಿರಬೇಕು. ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಇಷ್ಟನ್ನು ಅಮ್ಮಿಗೆ ಓದಬೇಡಿ. ಇಲ್ಲಿಂದ ಮುಂದೆ ಓದಿ.

ಅಮ್ಮಿ, ಚೆನ್ನಾಗಿ ತಿನ್ನುತ್ತಿದ್ದೇನೆ. ಇಲ್ಲಿ ಜನ ಒಳ್ಳೆಯವರು, ಒಬ್ಬರಿಗೊಬ್ಬರು ಒಳ್ಳೆಯವರಾಗಲು ಮಾತ್ರ ಆಗುತ್ತಿಲ್ಲ. ದನ ಸಾಕುವವರು ಮೇಲಿನ ಬಯಲಿನಲ್ಲಿದ್ದಾರೆ. ಹೊಲ ಮಾಡುವವರು ನದಿಯ ದಂಡೆಯಲ್ಲಿದ್ದಾರೆ. ಬೇಸಿಗೆಯಲ್ಲಿ ಬಯಲಿನ ಹೊಂಡಗಳು ಬತ್ತುತ್ತವೆ. ಆಗ ದನಗಳು ನದಿಗೆ ಹೋಗಲೇಬೇಕು, ಹೋಗಬೇಕಾದರೆ ಹೊಲ ದಾಟಲೇಬೇಕು. ಹೋದ ವರ್ಷ ದಾಟುವಾಗ ಎರಡೂ ಕಡೆ ಹೆಣಗಳು ಬಿದ್ದವು. ಈ ಸಲ ಮಾರ್ಚ್ ಒಳಗೆ ಒಂದು ದಾರಿ ಬಿಡಿಸಿ ಕೊಡಬೇಕು. ನನ್ನ ಕೆಲಸ ಅದು. ಬಂದೂಕು ಇರುವುದು ಹೆಗಲಿಗೆ ಭಾರವಾಗಲಿ ಅಂತ ಮಾತ್ರ.

ನಮ್ಮ ಶಾಂತಿಪಡೆಯ ಕಮಾಂಡರ್ ಮೊದಲು ನಕ್ಷೆ ಮೇಲೆ ಗೆರೆ ಎಳೆದು, ಉದ್ದಕ್ಕೂ ನೀಲಿ ಬಾವುಟ ನೆಡಿಸಿದರು. ಬೆಳಗಾಗುವಷ್ಟರಲ್ಲಿ ಬಾವುಟಗಳೆಲ್ಲ ಹುಡುಗಿಯರ ತಲೆಯ ಮೇಲೆ ವಸ್ತ್ರವಾಗಿ ಓಡಾಡುತ್ತಿದ್ದವು. ಅದಾದ ಮೇಲೆ, ಇವರ ಹಿರಿಯರನ್ನು ಹಿಡಿದೇ ಮಾಡಬೇಕು ಎಂದು ನನ್ನನ್ನು ಕಳಿಸಿದ್ದಾರೆ. ದನದವರ ಮುಖ್ಯಸ್ಥ ಮಜೋಕ್ ಅಂತ, ತಾಳೆಮರದಷ್ಟು ಎತ್ತರ. ಹೊಲದವರಿಗೆ ರೋಡಾ ಎಂಬ ಹೆಂಗಸು ಮುಖ್ಯಸ್ಥೆ. ಇಬ್ಬರೂ ಜನವರಿಯಲ್ಲಿ ಹುಣಸೆಮರದ ಕೆಳಗೆ ಸೇರಲು ಒಪ್ಪಿದ್ದಾರೆ. ಹೌದು ಅಮ್ಮಿ, ಇಲ್ಲೂ ಹುಣಸೆಮರ ಇದೆ.

ಬೆಳಿಗ್ಗೆ ದನದ ಬಿಡಾರದಲ್ಲಿ ಬೆರಣಿ ಹೊಗೆ ನೆಲದ ಮೇಲೆ ಮಲಗಿರುತ್ತದೆ. ಕೊಂಬುಗಳು ಮಾತ್ರ ಮೇಲೆ ಕಾಣುತ್ತವೆ, ಕೆಳಗೆ ದನ ಇರುವುದಿಲ್ಲ. ಇಲ್ಲಿ ಒಂದು ಬಂಡೆ ಇಲ್ಲ, ಒಂದು ದಿಬ್ಬ ಇಲ್ಲ. ಮೊನ್ನೆ ಕನಸಿನಲ್ಲಿ ಟೇಕಲ್ ಬೆಟ್ಟದ ಬಂಡೆಗಳು ಎದ್ದು, ಮೈ ಕೊಡವಿಕೊಂಡು, ಮೇಯಲು ಹೊರಟಿದ್ದವು. ನಾನು ಅವುಗಳಿಗೆ ದಾರಿ ತೋರಿಸುತ್ತಿದ್ದೆ.

ತನ್ವೀರ್


ಮುಳಬಾಗಿಲು
28 ಡಿಸೆಂಬರ್ 2023

ಮೇಜರ್ ಸಾಹೇಬರಿಗೆ,

ಓದಬೇಡಿ ಎಂದದ್ದನ್ನು ಓದಲಿಲ್ಲ. ಆದರೆ ಖಾಲಾ, "ಇಷ್ಟುದ್ದ ಇದೆ, ಮೇಲ್ಗಡೆ ಸುಮ್ನೆ ಕಣ್ಣಾಡಿಸಿದ್ಯಲ್ಲ, ಏನಿತ್ತು?" ಎಂದು ಹಿಡಿದರು. ಕಚೇರಿ ವಿಷಯ ಅಂದೆ. ನನಗೂ ಬೇಸರವೇನೂ ಇಲ್ಲ.

ನಿಮ್ಮ ಹುಣಸೆಮರದ ಸಭೆಯ ಸುದ್ದಿ ಬೀದಿಗೆಲ್ಲ ಹಬ್ಬಿದೆ. ಅಬ್ಬಾ ಶ್ರೀನಿವಾಸಪುರದಲ್ಲಿ ಫಸಲು ಗುತ್ತಿಗೆ ಹಿಡಿದಿರುವ ಮಾವಿನ ತೋಟದ ಯಜಮಾನರು ರಾಮಚಂದ್ರಪ್ಪನವರು, "ಏಮಯ್ಯಾ ಇಸ್ಮಾಯಿಲ್, ನಿಮ್ಮ ಬೀದಿ ಹುಡುಗ ಆಫ್ರಿಕಾದಾಗೆ ಪಂಚಾಯ್ತಿ ಮಾಡ್ತಾನಂತಲ್ಲ!" ಎಂದು ಕೇಳಿದರಂತೆ.

ಖಾಲಾ ನಿಮಗೆ ಬುದ್ಧಿವಾದ ಬರೆಸಿದ್ದಾರೆ. ಕೇಳಿ. "ಬರಿಗೈಲಿ ಹೋಗಬೇಡ, ಸಕ್ಕರೆನಾದ್ರೂ ತಗೊಂಡು ಹೋಗು. ಅವರು ತಿನ್ನೋಕೆ ಏನಾದ್ರೂ ಕೊಟ್ರೆ ಕೊಟ್ಟ ತಕ್ಷಣ ಬಾಯಿ ಹಾಕಬೇಡ. ಬೇಡ ಬೇಡ ಅನ್ನು. ಎರಡು ಸಲ, ಮೂರು ಸಲ ಅನ್ನಿಸ್ಕೋ. ಆಮೇಲೆ ತಗೋ. ಇಲ್ದಿದ್ರೆ ಇವನ ಮನೇಲಿ ತಿನ್ನೋಕೇ ಇಲ್ವೇನೋ ಅನ್ಕೋತಾರೆ." ಈ ಮಾತಿಗೆ ನಾನೂ ಸಹಿ ಹಾಕುತ್ತೇನೆ. ಮೊದಲ ಸಲಕ್ಕೇ ಕೈ ಚಾಚಿ ನಮ್ಮ ಮುಳಬಾಗಿಲಿನ ಮಾನ ಕಳೆಯಬೇಡಿ. ಬಲವಂತ ಮಾಡುವುದರಲ್ಲಿ ತಾನೇ ಪ್ರೀತಿ ಇರುವುದು.

ಬೆಳಿಗ್ಗೆ ಕೋಲಾರದ ಬಸ್ಸಿನಲ್ಲಿ ಕೂತರೆ ಹೊರಗೆ ಬರೀ ಮಂಜು. ಮುಂದೆ ಹೋಗುವ ಟೊಮೆಟೊ ಲಾರಿಯ ಹಿಂಬದಿ ಮಾತ್ರ ಕೆಂಪಗೆ ತೇಲುತ್ತಿರುತ್ತದೆ. ಇವತ್ತು ಅದನ್ನು ನೋಡುತ್ತಾ ನಿಮ್ಮ ಕೊಂಬುಗಳು ನೆನಪಾದವು. ಬಸ್ಸು ಎಲ್ಲಿಗೆ ಹೋಗುತ್ತಿದೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಸಭೆ ಹೇಗಾಯಿತು, ಬರೆಯಿರಿ.

ಅರ್ಷಿಯಾ


ದಕ್ಷಿಣ ಸುಡಾನ್
21 ಜನವರಿ 2024

ಅರ್ಷಿಯಾ ಅವರಿಗೆ,

ಸಭೆ ಆಗಲಿಲ್ಲ. ಆಗುವ ಮೊದಲೇ ಮುಗಿಯಿತು. ಇದನ್ನು ಅಮ್ಮಿಗೆ ಹೇಗೆ ಓದುತ್ತೀರೋ ನಿಮಗೆ ಬಿಟ್ಟದ್ದು.

ಹುಣಸೆಮರದ ಕೆಳಗೆ ಎಲ್ಲರೂ ಬಂದಿದ್ದರು. ಒಂದು ಕಡೆ ಮಜೋಕ್ ಮತ್ತು ಬೂದಿ ಬಳಿದುಕೊಂಡ ಅವರ ಹುಡುಗರು, ಇನ್ನೊಂದು ಕಡೆ ರೋಡಾ ಮತ್ತು ಅವರ ಹೆಂಗಸರು. ನಡುವೆ ನಾನು, ನಮ್ಮ ದುಭಾಷಿ ಪೀಟರ್, ಎರಡು ಮೂಟೆ ಸಕ್ಕರೆ. ಮಜೋಕ್ ಎದ್ದರು. ಸೋರೆ ಬುರುಡೆಯ ತುಂಬ ಹಾಲು ಹಿಡಿದು ಎಲ್ಲರೂ ನೋಡುವಂತೆ ನಡೆದು ಬಂದು ನನ್ನ ಮುಂದೆ ಚಾಚಿದರು. ನಾನು ಎದೆಯ ಮೇಲೆ ಕೈಯಿಟ್ಟು, ನಗುತ್ತಾ, "ಬೇಡ, ಬೇಡ, ತೊಂದರೆ ಯಾಕೆ" ಅಂದೆ. ಪೀಟರ್ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದ.

ಎರಡನೇ ಸಲ ಕೇಳಲಿ ಎಂದು ಕಾದೆ. ನಗುತ್ತಲೇ ಕಾದೆ. ಮಜೋಕ್ ತಿರುಗಿ ಹೋಗಿ ಹಾಲನ್ನು ಮಣ್ಣಿಗೆ ಸುರಿದರು. ಅವರ ಕಡೆಯವರೆಲ್ಲ ಎದ್ದರು. ದನದವರು ಎದ್ದುಹೋದ ಮೇಲೆ ಮಾತೇನು ಎಂದು ರೋಡಾ ಕಡೆಯವರೂ ಎದ್ದರು. ಸಕ್ಕರೆ ಮೂಟೆಗಳು ಅಲ್ಲೇ ಉಳಿದವು. ಹಿಂತಿರುಗುವಾಗ ನಮ್ಮ ಗಾಡಿಗೆ ಒಂದೆರಡು ಕಲ್ಲು ಬಿದ್ದವು, ದೊಡ್ಡದೇನಲ್ಲ.

ಆಮೇಲೆ ಪೀಟರ್ ಹೇಳಿದ. ಈ ಬಿಡಾರದವರು ಒಂದೇ ಸಲ ಕೊಡುತ್ತಾರೆ. ಎರಡನೇ ಸಲ ಕೇಳಿದರೆ, ನೀನು ಮೊದಲು ಹೇಳಿದ್ದು ಸುಳ್ಳು ಎಂದು ಅತಿಥಿಯ ಮುಖಕ್ಕೇ ಹೇಳಿದ ಹಾಗಂತೆ. ಅಷ್ಟು ದೊಡ್ಡ ಅವಮಾನ ಯಾರಿಗೂ ಮಾಡುವುದಿಲ್ಲ. ಆದ್ದರಿಂದ ನನ್ನ "ಬೇಡ" ಅವರಿಗೆ "ಬೇಡ" ಎಂದೇ ಕೇಳಿಸಿತು. ಹಾಲು ಬೇಡ, ನೀವು ಬೇಡ, ನಿಮ್ಮ ಜೊತೆ ಶಾಂತಿ ಬೇಡ.

ನನ್ನಿಂದ ಕೆಲಸ ಕೆಟ್ಟಿತು. ಕಮಾಂಡರ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೊಂಡದ ನೀರು ದಿನಾ ಇಳಿಯುತ್ತಿದೆ. ಅಂಚಿನ ಕೆಸರು ಒಡೆದು ಹಂಚಿನ ಚೂರಿನಂತೆ ಮೇಲೆದ್ದಿದೆ.

ಆದರೂ ಒಂದು ಮಾತು. ಅವರ ಪದ್ಧತಿ ನನಗೆ ಹಿಡಿಸಿತು. ಬೇಡ ಎಂದರೆ ಬೇಡ, ಕೇಳಿದವನು ಸುಮ್ಮನೆ ತಿರುಗಿ ಹೋಗಬೇಕು. ನಾನೂ ಹಾಗೇ ಬದುಕಿದವನು ಅನ್ನಿಸಿತು.

ತನ್ವೀರ್


ಮುಳಬಾಗಿಲು
10 ಫೆಬ್ರವರಿ 2024

ಮೇಜರ್ ತನ್ವೀರ್ ಅವರಿಗೆ,

ಕಾಗದ ತಲುಪಿತು. ಕಲ್ಲು ಬಿದ್ದ ಸಾಲು ಬಿಟ್ಟು ಉಳಿದದ್ದನ್ನು ಓದಿದೆ. ಖಾಲಾ ಬಾಯಿಗೆ ಸೆರಗಿಟ್ಟುಕೊಂಡು, "ನನ್ನ ಬುದ್ಧಿವಾದಕ್ಕೆ ಬೆಂಕಿ ಬೀಳ" ಎಂದು ಅತ್ತರು. ಸಹಿ ಹಾಕಿದವಳು ನಾನೂ ಇದ್ದೇನೆ. ಕ್ಷಮಿಸಿ.

ಬೇಡ ಎಂದರೆ ತಿರುಗಿ ಹೋಗುವ ಪದ್ಧತಿ ನಿಮಗೆ ಹಿಡಿಸಿದ್ದು ಸಂತೋಷ. ನಮ್ಮ ಊರಿನಲ್ಲಿ ಇನ್ನೂ ಎರಡನೇ ಸಲ ಕೇಳುವ ಜನ ಇದ್ದಾರೆ. ವೇಮಗಲ್ ಕಡೆಯಿಂದ ನನಗೊಂದು ಸಂಬಂಧ ಬಂದಿದೆ. ಹುಡುಗ ಅಲ್ಲಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹುಡುಗ ಏನು, ತಲೆ ನರೆತಿದೆ. ನನ್ನದೂ ನರೆತಿದೆ. ಮೊದಲ ಸಲ ಅಬ್ಬಾ ನೋಡೋಣ ಅಂದಿದ್ದರು. ಅವರು ಬೇಜಾರು ಮಾಡಿಕೊಳ್ಳದೆ ಹಣ್ಣು ಹೂವು ಹಿಡಿದು ಎರಡನೇ ಸಲವೂ ಬಂದು ಹೋದರು.

ಮಾವು ಹೂ ಬಿಟ್ಟಿದೆ. ಅಬ್ಬಾ ಬಟ್ಟೆಯಲ್ಲೆಲ್ಲ ಅದರ ವಾಸನೆ ತರುತ್ತಾರೆ.

ಅರ್ಷಿಯಾ


ದಕ್ಷಿಣ ಸುಡಾನ್
3 ಮಾರ್ಚ್ 2024

ಅರ್ಷಿಯಾ ಅವರಿಗೆ,

ವೇಮಗಲ್ ವಿಷಯ ಓದಿದೆ. ಬಹಳ ಸಂತೋಷವಾಯಿತು. ಎರಡು ಸಲ ಬಂದವರೆಂದರೆ ಮರ್ಯಾದಸ್ಥರು. ದಿನ ಗೊತ್ತಾದರೆ ತಿಳಿಸಿ, ಇಲ್ಲಿಂದ ಏನು ಕಳಿಸಲು ಸಾಧ್ಯವೋ ನೋಡುತ್ತೇನೆ. ಇಲ್ಲಿ ಸಿಗುವುದು ಬೂದಿ ಮತ್ತು ಹಾಲು, ಅದೂ ನನಗೆ ಸಿಗುತ್ತಿಲ್ಲ.

ಪೀಟರ್‌ನನ್ನು ಕೇಳಿದೆ, ಒಮ್ಮೆ ಬೇಡ ಅಂದವನಿಗೆ ಇಲ್ಲಿ ಬೇರೆ ದಾರಿಯೇ ಇಲ್ಲವೇ ಎಂದು. ಅವನು ಹೇಳಿದ: "ಕೊಟ್ಟವನು ಮತ್ತೆ ಕೇಳಲ್ಲ. ಬೇಡ ಅಂದವನೇ ಎದ್ದು ಹೋಗಿ ಕೇಳ್ಬೇಕು. ಆದ್ರೆ ಯಾರೂ ಹೋಗಲ್ಲ, ನಾಚಿಕೆ." ನಮ್ಮ ಕಡೆ ಯೋಚಿಸಿ. ಬೇಡ ಎಂದು ಎದ್ದುಬಂದ ಮನೆಗೆ ಮರುದಿನ ಹೋಗಿ, ನಿನ್ನೆಯ ಬಿರಿಯಾನಿ ಕೊಡಿ ಎಂದು ನಿಲ್ಲುವುದು! ಅಮ್ಮಿ ಕೇಳಿದರೆ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ.

ಎರಡು ಬೆಳಗು ಹೋಗಿ ನಿಂತೆ. ಬಂದೂಕು, ಹೆಲ್ಮೆಟ್ ಗಾಡಿಯಲ್ಲಿ ಬಿಟ್ಟು ಬಿಡಾರದ ಅಂಚಿನಲ್ಲಿ ನಿಂತು, "ಹಾಲು ಕೇಳೋಕೆ ಬಂದಿದೀನಿ" ಎಂದು ಹೇಳಿಸಿದೆ. ಮಜೋಕ್ ನನ್ನ ಮುಂದೆಯೇ ಹಾದು ಹೋದರು. ಹುಡುಗರು ನಕ್ಕರು. ಹೊಂಡದಲ್ಲಿ ಇನ್ನು ಉಳಿದಿರುವುದು ಕೆಸರು. ದನಗಳು ಮಧ್ಯಾಹ್ನವೆಲ್ಲ ನದಿಯ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಹುಡುಗರು ಬಂದೂಕಿಗೆ ಎಣ್ಣೆ ಹಾಕುತ್ತಿದ್ದಾರೆ, ರೋಡಾ ಊರಿನವರು ಈಟಿ ಮಸೆಯುತ್ತಿದ್ದಾರೆ. ನನಗೆ ಭಯವಾಗಿದೆ. ಇದನ್ನು ನಿಮಗೆ ಬಿಟ್ಟು ಯಾರಿಗೂ ಹೇಳಿಲ್ಲ.

ನಿಮಗೆ ಒಳ್ಳೆಯದಾಗಲಿ.

ತನ್ವೀರ್


ದಕ್ಷಿಣ ಸುಡಾನ್
24 ಮಾರ್ಚ್ 2024

ಅರ್ಷಿಯಾ ಅವರಿಗೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮದುವೆಯ ಓಡಾಟದಲ್ಲಿರುತ್ತೀರಿ. ಆದರೂ ಇದನ್ನು ನಿಮಗೆ ಬರೆಯದೆ ಇನ್ಯಾರಿಗೆ ಬರೆಯಲಿ?

ರಂಜಾನ್ ಶುರುವಾಗಿತ್ತು. ಮಜೋಕ್ ಕೊಡುವುದಿಲ್ಲ ಎಂದು ಗೊತ್ತಾಗಿಹೋಗಿತ್ತು, ಆದರೂ ರೋಜಾ ಉಪವಾಸ ಹಿಡಿದೇ ಹೋಗಿ ನಿಂತೆ. ಹೋಗಿ ನಿಲ್ಲುವುದು ಅಭ್ಯಾಸವಾಗಿತ್ತು ಅಷ್ಟೆ. ಹೊಗೆ ಕರಗಿ ಬಿಸಿಲೇರಿತು. ನಡುಮಧ್ಯಾಹ್ನದ ಹೊತ್ತಿಗೆ ಮಜೋಕ್ ಬುರುಡೆ ಹಿಡಿದು ಬಂದರು. ನನ್ನ ಮುಂದೆ ಚಾಚಿದರು.

ಅರ್ಷಿಯಾ ಅವರೇ, ನನ್ನ ಸ್ಥಿತಿ ಯೋಚಿಸಿ. ಕುಡಿಯುವ ಹಾಗಿಲ್ಲ. ಬೇಡ ಅನ್ನುವ ಹಾಗೂ ಇಲ್ಲ. ಮನೆಯಿಂದ ದೂರ ಇರುವವನಿಗೆ ರಿಯಾಯಿತಿ ಇದೆ, ಗೊತ್ತು. ಆದರೆ ಬೆಳಿಗ್ಗೆ ನಿಯ್ಯತ್, ಉಪವಾಸದ ಸಂಕಲ್ಪ, ಮಾಡಿ ಆಗಿತ್ತು. ಒಂದು ಕಡೆ ಕೊಟ್ಟ ಮಾತು ಮುರಿದು ಇನ್ನೊಂದು ಕಡೆ ಮಾತು ಕೂಡಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಎರಡೂ ಕೈ ಚಾಚಿ ಬುರುಡೆ ತೆಗೆದುಕೊಂಡೆ. "ಇದು ನನ್ನದು. ಸೂರ್ಯ ಮುಳುಗಿದ ಮೇಲೆ ಕುಡೀತೀನಿ. ಅಲ್ಲೀತನಕ ಇದನ್ನ ಹಿಡ್ಕೊಂಡು ಇಲ್ಲೇ ಕೂತಿರ್ತೀನಿ" ಅಂದೆ. ಪೀಟರ್ ಅದನ್ನು ಅವರ ಮಾತಿನಲ್ಲಿ ಹೇಳಿದ.

ಮಜೋಕ್ ತಲೆಯೆತ್ತಿ ಸೂರ್ಯನನ್ನು ನೋಡಿದರು. ಸೂರ್ಯ ನೆತ್ತಿಯ ಮೇಲಿತ್ತು. ನನ್ನನ್ನು ನೋಡಿದರು. ಆಮೇಲೆ ಒಂದು ಮಣೆ ತರಿಸಿ ನನಗೆ ಕೊಟ್ಟು, ತಾವು ನೆಲದ ಮೇಲೆ ಕೂತರು. ಅತಿಥಿಯ ಹಾಲು ಮುಗಿಯುವ ತನಕ ಕೊಟ್ಟವನು ಎದ್ದು ಹೋಗುವ ಹಾಗಿಲ್ಲವಂತೆ.

ಹಾಗೆ ಆ ಮಧ್ಯಾಹ್ನ ಶುರುವಾಯಿತು. ಅಂಥ ಮಧ್ಯಾಹ್ನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಬಿಸಿಲಿನಲ್ಲಿ ಬಯಲು ನೀರಾಗಿ ಹರಿಯುತ್ತಿತ್ತು, ಆ ನೀರಿನ ಮೇಲೆ ದನಗಳು ತೇಲುತ್ತಿದ್ದವು. ಬಹಳ ಹೊತ್ತಿನ ಮೇಲೆ ಅವರು ತಮ್ಮ ಎತ್ತನ್ನು ತೋರಿಸಿದರು. ಕಪ್ಪು ಬಿಳುಪು ಎತ್ತು, ಅದರ ಬಣ್ಣದಿಂದಲೇ ಅವರಿಗೆ ಆ ಹೆಸರು. ನಿನ್ನ ಎತ್ತು ಯಾವುದು ಎಂದು ಕೇಳಿದರು. ನಮ್ಮ ಮನೆಯಲ್ಲಿ ಎತ್ತು ಇರಲಿಲ್ಲ, ಹೊಲಿಗೆ ಮೆಷಿನ್ ಇತ್ತು ಅಂದೆ. ಅವರಿಗೆ ನನ್ನ ಮೇಲೆ ನಿಜವಾಗಿ ಕನಿಕರವಾಯಿತು. ಹೋದ ವರ್ಷ ದಾರಿಯಲ್ಲಿ ಸತ್ತ ತಮ್ಮ ಮಗನ ಹೆಸರು ಹೇಳಿದರು. ಆ ಹೆಸರೂ ಒಂದು ಬಣ್ಣವೇ, ಮೋಡ ಕವಿದ ಆಕಾಶದ ಬಣ್ಣ.

ಮಧ್ಯಾಹ್ನದಿಂದ ಒಬ್ಬ ಸಿಪಾಯಿ ಮಜೋಕ್ ಕೊಟ್ಟ ಹಾಲು ಹಿಡಿದು, ಕುಡಿಯದೆ, ಬಿಡದೆ ಕೂತಿದ್ದಾನೆ ಎಂಬ ಸುದ್ದಿ ನದಿಯ ತನಕ ಹೋಯಿತು. ನೆರಳು ಉದ್ದವಾಗುವ ಹೊತ್ತಿಗೆ ಆ ತಮಾಷೆ ನೋಡಲು ರೋಡಾ ತಾವೇ ನಡೆದು ಬಂದರು. ನನ್ನ ಪಕ್ಕ ಕೂತು ಬುರುಡೆಯೊಳಗೆ ಬಗ್ಗಿ ನೋಡಿ, "ಹುಳಿ ಬಂದಿದೆ" ಅಂದರು. ಮಜೋಕ್ ನಕ್ಕರು. ಇಬ್ಬರೂ ಹೀಗೆ ಹತ್ತಿರ ಕೂತದ್ದು ಹೋದ ವರ್ಷದ ಸಾವುಗಳ ನಂತರ ಅದೇ ಮೊದಲಂತೆ.

ಮಾತಿಗೆ ಮಾತು ಬಂತು. ನಮ್ಮ ಕಡೆ ಕುರಿಮಂದೆಯನ್ನು ತೋಟದಲ್ಲಿ ರಾತ್ರಿ ಕೂಡಿಸುತ್ತಾರೆ, ಗೊಬ್ಬರಕ್ಕೆ, ಎಂದು ನಾನು ಹೇಳಿದೆ. ರೋಡಾ ನನ್ನನ್ನು ಚಿಕ್ಕ ಮಗುವನ್ನು ನೋಡಿದಂತೆ ನೋಡಿ, "ನಾವೂ ಹಾಗೇ ಮಾಡ್ತಿದ್ವಿ. ಇವರ ಅಪ್ಪನ ದನ ನಮ್ಮ ಅಪ್ಪನ ಹೊಲದಲ್ಲಿ ಮಲಗ್ತಿತ್ತು" ಅಂದರು. ಹೌದೆಂದು ಮಜೋಕ್ ತಲೆಯಾಡಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ಮುಂದಿನದನ್ನೆಲ್ಲ ಅವರಿಬ್ಬರೇ ಮಾತಾಡಿಕೊಂಡರು. ಯಾವ ಹೊಲದ ಅಂಚಿನಲ್ಲಿ ಹಿಂದೆ ದಾರಿ ಇತ್ತು, ಜೋಳದ ಕಡ್ಡಿ ಎತ್ತಲು ಎಷ್ಟು ದಿನ ಬೇಕು, ಹುಡುಗರು ಬಂದೂಕು ಬಿಟ್ಟು ಕೋಲು ಹಿಡಿದು ಬರುತ್ತಾರೆಯೇ. ನಡುವೆ ಒಮ್ಮೆ ದನಿ ಏರಿತು. ರೋಡಾ ಏಳಲು ಹೊರಟರು. ಹಾಲು ಇನ್ನೂ ನನ್ನ ಕೈಯಲ್ಲೇ ಇತ್ತು, ಮಜೋಕ್ ಏಳುವ ಹಾಗಿರಲಿಲ್ಲ. ಅವರು ಕೂತಲ್ಲೇ ದನಿ ತಗ್ಗಿಸಿದರು. ರೋಡಾ ಮತ್ತೆ ಕೂತರು.

ಸೂರ್ಯ ಮುಳುಗಿತು. ಬಿಸ್ಮಿಲ್ಲಾ ಎಂದು ಕುಡಿದೆ. ಹುಳಿ, ಹೊಗೆಯ ವಾಸನೆ. ಅರ್ಧ ಕುಡಿದು ಕೆಳಗಿಟ್ಟೆ. ಮಜೋಕ್ ತಾವು ಒಂದು ಗುಟುಕು ಕುಡಿದು ಬುರುಡೆಯನ್ನು ರೋಡಾ ಕಡೆ ಚಾಚಿದರು. ಒಂದೇ ಸಲ. ರೋಡಾ ತೆಗೆದುಕೊಂಡು ಪೂರ್ತಿ ಕುಡಿದರು.

ಐದು ದಿನದ ಮೇಲೆ ದನಗಳು ದಾಟಿದವು. ಇಡೀ ದಿನ ದಾಟಿದವು. ಧೂಳಿನೊಳಗಿಂದ ಕೊರಳ ಗಂಟೆ ಕೇಳುತ್ತಿತ್ತು, ಬೂದಿ ಬಳಿದ ಹುಡುಗರು ಕೋಲು ಹಿಡಿದು ಕನಸಿನಲ್ಲಿ ನಡೆದ ಹಾಗೆ ನಡೆದು ಹೋದರು. ಹೊಲದವರು ಎರಡೂ ಕಡೆ ನಿಂತು ನೋಡಿದರು. ಒಂದು ಗುಂಡೂ ಹಾರಲಿಲ್ಲ. ಮೊದಲ ಹಸು ನದಿಗೆ ಬಾಯಿ ಹಾಕಿದಾಗ ನಾನು ಗಾಡಿಯ ಹಿಂದೆ ಹೋಗಿ ಅತ್ತೆ.

ಇನ್ನೊಂದು ವಿಷಯ. ಬುರುಡೆ ಹಿಡಿದು ಕೂತಿದ್ದಾಗ ಆ ಬಿಸಿಲಿನಲ್ಲಿ ನನಗೆ ನಮ್ಮ ಬೀದಿಯ ಒಂದು ಮನೆಯ ಜಗಲಿ ಮತ್ತೆ ಮತ್ತೆ ಕಾಣುತ್ತಿತ್ತು. ಯಾರ ಮನೆಯೆಂದು ಬರೆಯುವುದಿಲ್ಲ. ಬರೆಯುವ ಹಕ್ಕು ಈಗ ನನಗಿಲ್ಲ. ಚೆನ್ನಾಗಿರಿ.

ತನ್ವೀರ್


ಮುಳಬಾಗಿಲು
13 ಏಪ್ರಿಲ್ 2024

ತನ್ವೀರ್,

ಮೊದಲು ಬೈಯುತ್ತೇನೆ, ಆಮೇಲೆ ಉಳಿದದ್ದು. ವೇಮಗಲ್‌ನವರು ಎರಡನೇ ಸಲ ಬಂದ ದಿನವೇ ನಾನು ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಅದನ್ನು ನಿನಗೆ ಬರೆಯಲಿಲ್ಲ. ನಿನಗೆ ಚುಚ್ಚಲಿ, ಚುಚ್ಚಿದರೆ ಏನಾದರೂ ಅನ್ನುತ್ತೀಯ ಎಂದು ಅಷ್ಟನ್ನೇ ಬರೆದೆ. ನೀನು ಸಂತೋಷವಾಯಿತು ಎಂದು ಬರೆದು ಮರ್ಯಾದಸ್ಥರು ಎಂದು ಸರ್ಟಿಫಿಕೇಟು ಬೇರೆ ಕೊಟ್ಟೆ! ಆಫ್ರಿಕಾದ ದನಗಳ ಮನಸ್ಸು ಗೊತ್ತಾಗುತ್ತದೆ ನಿನಗೆ. ಆ ಸಿಟ್ಟಿಗೆ ಇಷ್ಟು ದಿನ ಪೆನ್ನು ಮುಟ್ಟಲಿಲ್ಲ.

ನಿನ್ನ ಕಾಗದ ಈದ್ ಮರುದಿನ ಬಂತು. ನಮ್ಮ ಜಗಲಿಯ ಮೇಲೆಯೇ ಕೂತು ಓದಿದೆ. ಖಾಲಾ ಇದ್ದರು, ಮಹೆಕ್ ಆಪಾ ಇದ್ದರು, ತೋಟದಿಂದ ಬಂದಿದ್ದ ಅಬ್ಬಾ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದರು. ಈ ಸಲ ಒಂದು ಸಾಲೂ ಬಿಡಲಿಲ್ಲ. ಕೊನೆಯದನ್ನೂ ಓದಿದೆ. ಓದಿ ಮುಗಿಸಿ ತಲೆಯೆತ್ತಲು ಧೈರ್ಯ ಬರಲಿಲ್ಲ.

ಆಮೇಲೆ ಅಬ್ಬಾ ಒಳಗೆ ಹೋಗಿ ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿಕೊಂಡು ಬಂದರು. ಅದರಲ್ಲಿ ಆರು ಕಪ್ಪು, ಆರು ಸಾಸರ್, ಚಿನ್ನದ ಅಂಚಿನವು, ಹುಲ್ಲಿನಲ್ಲಿ ಸುತ್ತಿಟ್ಟವು. ಒಂದು ಸಲವೂ ಬಳಸಿದ್ದಲ್ಲ. ನನಗೂ ಗೊತ್ತಿರಲಿಲ್ಲ. "ನೀವು ಇನ್ನೊಂದ್ಸಲ ಬರ್ತೀರಾ ಅಂತ ಆ ವಾರವೇ ಕೋಲಾರಕ್ಕೆ ಹೋಗಿ ತಂದಿಟ್ಟಿದ್ದೆ ಆಪಾ" ಎಂದು ಖಾಲಾಗೆ ಹೇಳಿದರು.

ಖಾಲಾ ಎದ್ದು ನಿಂತರು. "ನೀವು ಬೇಡ ಅಂದ್ರಲ್ಲ! ಇನ್ಯಾವ ಮುಖ ಇಟ್ಕೊಂಡು ಬರ್ಲಿ?"

"ಈಗ ಬೇಡ ಅಂದಿದ್ದು. ಬೀದಿಯವರಿಗೆಲ್ಲ ಮೂರು ಸಲ ಬಡಿಸೋರು ನೀವು, ಇದೊಂದನ್ನ ಒಂದೇ ಸಲಕ್ಕೆ ಬಿಟ್ರಲ್ಲ?"

"ಅನ್ನ ಬಡಿಸೋದು ಬೇರೆ. ಮಗನ್ನ ಬಡಿಸೋಕಾಗತ್ತಾ?" ಎಂದು ಖಾಲಾ ಜೋರಾಗಿ ಅತ್ತರು. ಮಹೆಕ್ ಆಪಾ ನಗು ತಡೆಯಲಾರದೆ ಒಳಗೆ ಓಡಿದರು. ಅಬ್ಬಾ ಕಪ್ಪುಗಳನ್ನು ಒಂದೊಂದಾಗಿ ಟವೆಲ್ಲಿನಲ್ಲಿ ಒರೆಸುತ್ತಾ ಕೂತರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಖಾಲಾ ಕಣ್ಣೊರೆಸಿಕೊಂಡು, "ಈಗಲೇ ಮನೆಗೆ ಹೋಗಿ ಸಕ್ಕರೆ ತಗೊಂಡು ಬಾಗಿಲಿಗೆ ಬರ್ತೀನಿ, ಎರಡನೇ ಸಲ ಅಂತ ಲೆಕ್ಕ ಹಾಕ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿದರು. ನಾನು ಅಡ್ಡ ನಿಂತೆ. ಬೇಡ ಖಾಲಾ ಅಂದೆ. ಅವರ ಮುಖ ಬಾಡಿತು. ಇದು ಮಜೋಕ್ ಊರಿನ ಬೇಡ ಅಲ್ಲ ಎಂದು ಹೇಳಿ ಅವರನ್ನು ಕೂರಿಸಿದೆ.

ಯಾಕೆ ತಡೆದೆ ಎಂದರೆ, ಬೇಡ ಅಂದದ್ದು ನಮ್ಮ ಮನೆ. ಬೇಡ ಅಂದವರೇ ಎದ್ದು ಹೋಗಿ ಕೇಳಬೇಕು ಎಂದು ನೀನು ಬರೆದಿದ್ದೀಯ. ನೀನು ಅಷ್ಟು ಜನರ ಮುಂದೆ ಬೆಳಗೆಲ್ಲ ನಿಂತು ಕೇಳಿದೆ, ಹುಡುಗರು ನಕ್ಕರೂ ಕೇಳಿದೆ. ನಾನು ಕಾಲೇಜಿನಲ್ಲಿ ನೂರು ಮಕ್ಕಳ ಮುಂದೆ ನಿಂತು ಪ್ರೀತಿಯ ಪದ್ಯಗಳಿಗೆ ಅರ್ಥ ಹೇಳುವವಳು, ನನ್ನದೊಂದು ಮಾತು ಕೇಳಲು ಒಂಬತ್ತು ವರ್ಷ ಎರಡನೇ ಸಲಕ್ಕೆ ಕಾದು ಕೂತೆ. ಬಸ್ಸಿನಲ್ಲಿ ಕೂತು ಕಾದೆ, ಮಂಜಿನಲ್ಲಿ ಕಾದೆ. ನೀನು ಬರುವ ರಜೆಗಳಲ್ಲೆಲ್ಲ ಕಿಟಕಿ ತೆರೆದಿಟ್ಟೆ. ಸಾಕು.

ಅಬ್ಬಾ ಪಕ್ಕದಲ್ಲೇ ಕೂತಿದ್ದಾರೆ, ಖಾಲಾ ಎದುರಿಗಿದ್ದಾರೆ, ಇಬ್ಬರಿಗೂ ಗೊತ್ತು ನಾನು ಏನು ಬರೆಯುತ್ತಿದ್ದೇನೆ ಎಂದು. ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ನನ್ನನ್ನು ಮದುವೆಯಾಗುತ್ತೀಯಾ?

ಅರ್ಷಿಯಾ


ದಕ್ಷಿಣ ಸುಡಾನ್
4 ಮೇ 2024

ಅರ್ಷಿಯಾ,

ಹೂಂ.

ಹೆಲಿಕಾಪ್ಟರ್ ಹೊರಟು ನಿಂತಿದೆ, ಪೈಲಟ್ ಬಾಗಿಲು ಹಾಕದೆ ಈ ಕಾಗದಕ್ಕಾಗಿ ಕಾಯುತ್ತಿದ್ದಾನೆ. ಹೂಂ.

ತನ್ವೀರ್